ಸಿ3 ಜಾಸ್ತಿ ಇದೆ ಅಂದರು

ಮಗು ಹುಟ್ಟಿ 9 ದಿನ ಆಗಿತ್ತು. ಅಮ್ಮ ಎಣ್ಣೆ ಹಚ್ಚಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ಆಗಷ್ಟೇ ಮಲಗಿಸಿದ್ದಳು. ಫೋನ್ ಬಂತು. ಹುಟ್ಟು ಕಾಯಿಲೆಗಳ ತಪಾಸಣೆಗೆ ಅಂತ ಮೂರನೇ ದಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲೆ ರಕ್ತದ ಚುಕ್ಕೆ ಇಳಿಸಿಕೊಂಡು ಹೋಗಿದ್ದರಲ್ಲ, ಆ ಲ್ಯಾಬಿನವರು. "ಮೇಡಂ, ಮೆಟಬಾಲಿಕ್ ಪಾಸಿಟಿವ್ ಬಂದಿದೆ, ಡಾಕ್ಟರಿಗೆ ತೋರಿಸಿ" ಅಂದರು, ಇಟ್ಟರು. ಹೆತ್ತವಳಿಗೆ ಹೀಗೆ ಹೇಳ್ತಾರಾ?

ಆಮೇಲೆ ವಾಟ್ಸಾಪಿಗೆ ರಿಪೋರ್ಟ್ ಬಂತು. ನಲವತ್ತು ಚಿಲ್ಲರೆ ಸಾಲು, ಎರಡು ಮಾತ್ರ ಕೆಂಪು. ಸಿ3 ಅಂತ ರಕ್ತದಲ್ಲಿರುವ ಒಂದು ವಸ್ತು, 7.9 ಇತ್ತು, ಅವರ ಮಿತಿ 5.5. ಇನ್ನೊಂದು ಸಿ3ಗೂ ಸಿ2 ಅನ್ನುವ ಬೇರೊಂದು ವಸ್ತುವಿಗೂ ಇರುವ ಅನುಪಾತ, ಅದೂ ಜಾಸ್ತಿ. (ಮಿತಿ ಲ್ಯಾಬಿನಿಂದ ಲ್ಯಾಬಿಗೆ ಬೇರೆ ಇರುತ್ತೆ, ನಿಮ್ಮ ರಿಪೋರ್ಟನ್ನು ನನ್ನದರ ಪಕ್ಕ ಇಟ್ಟು ನೋಡಬೇಡಿ.) ಕೆಳಗೆ ಪ್ರೊಪಿಯಾನಿಕ್ ಅಸಿಡೀಮಿಯಾ, ಮೀಥೈಲ್‌ಮಲೋನಿಕ್ ಅಸಿಡೀಮಿಯಾ ಅಂತ ಎರಡು ಕಾಯಿಲೆಗಳ ಹೆಸರು. ರಾತ್ರಿ ಎರಡು ಗಂಟೆಗೆ ಅವನ್ನು ಹುಡುಕಿ ಓದಿದೆ. ಓದಬಾರದಿತ್ತು. ಎರಡೂ ವಂಶದಲ್ಲಿ ಬರುವಂಥವು, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಸಿಕ್ಕರೆ ಮಾತ್ರ ಬರುವಂಥವು. ನಾನು ಮದುವೆ ಆಗಿರುವುದು ಸೋದರತ್ತೆ ಮಗನನ್ನೇ.

ಬೆಳಿಗ್ಗೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದರೆ ಅವರು ಸಿ3 ಎಷ್ಟು ಅಂತ ಕೇಳಲೇ ಇಲ್ಲ. "ಹಾಲು ಚೆನ್ನಾಗಿ ಎಳೀತಿದೆಯಾ? ವಾಂತಿ? ಎಬ್ಬಿಸಿದರೂ ಏಳದಷ್ಟು ಜೋಂಪಾ? ಉಸಿರು ಜೋರಾಗಿ ಓಡ್ತಿದೆಯಾ?" ಹಾಲು ಎಳೀತಿಲ್ಲ ಅಂದಿದ್ದರೂ, ಉಳಿದದ್ದರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಆ ಕ್ಷಣವೇ ಅಡ್ಮಿಟ್ ಮಾಡ್ತಿದ್ದೆ ಅಂತ ಆಮೇಲೆ ಹೇಳಿದರು. ಮಗು ಗಟಗಟ ಕುಡಿಯುತ್ತಿತ್ತು. ಆದರೂ ಅವತ್ತೇ ಕರೆಸಿದರು.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಲೆಕ್ಕ ತಾಳೆ ಆಗದಿದ್ದರೆ ಮೊದಲು ವೋಚರ್ ತೆಗೆದು ನೋಡುತ್ತೇವೆ. ಅದೇ ಅಭ್ಯಾಸದಲ್ಲಿ ಒಂದು ನೋಟ್‌ಬುಕ್ ಶುರು ಮಾಡಿದೆ. ಯಾವ ಟೆಸ್ಟ್, ರಕ್ತ ಎಷ್ಟು ಗಂಟೆಗೆ ತೆಗೆದರು, ಹಾಲು ಕುಡಿದು ಎಷ್ಟು ಹೊತ್ತಾಗಿತ್ತು, ಮಗು ಅಳುತ್ತಿತ್ತಾ, ಲ್ಯಾಬಿಗೆ ಎಷ್ಟು ಗಂಟೆಗೆ ತಲುಪಿತು. ಅದು ಮೊದಲ ದಿನವೇ ಉಪಯೋಗಕ್ಕೆ ಬಂತು. ರಕ್ತದಲ್ಲಿ ಏರಿದರೆ ಮಿದುಳಿಗೇ ವಿಷ ಆಗುವ ಅಮೋನಿಯಾ 161 ಬಂತು, ನನ್ನ ಕೈಕಾಲು ತಣ್ಣಗಾಯಿತು. ಡಾಕ್ಟರು ನೋಟ್‌ಬುಕ್ ನೋಡಿದರು. 11.10ಕ್ಕೆ ತೆಗೆದ ರಕ್ತ ಆಟೋದಲ್ಲಿ ಊರು ಸುತ್ತಿ ಲ್ಯಾಬ್ ಸೇರಿದ್ದು 12.45ಕ್ಕೆ, ಐಸ್ ಇಲ್ಲದೆ. ಅಮೋನಿಯಾಗೆ ತೆಗೆದ ರಕ್ತ ಬೆಚ್ಚಗೆ ಕೂತಷ್ಟೂ ಟ್ಯೂಬಿನೊಳಗೇ ಏರುತ್ತಾ ಹೋಗುತ್ತದಂತೆ. "ಈ ನಂಬರ್ ಮಗುವಿನದ್ದಲ್ಲಮ್ಮ, ಆಟೋದ್ದು ಇರಬೇಕು" ಅಂದರು. ಹಾಗಂತ ಸುಮ್ನೆ ಕೂರಲಿಲ್ಲ. ತಕ್ಷಣ ಮತ್ತೆ ತೆಗೆದು, ಐಸಿನಲ್ಲಿಟ್ಟು, ನಮ್ಮನೆಯವರ ಬೈಕಿನಲ್ಲೇ ಓಡಿಸಿದೆವು. 54 ಬಂತು, ಗಾಬರಿ ಬೇಡದಷ್ಟು.

ಇಷ್ಟಾದರೂ ಸಿ3 ಯಾಕೆ ಜಾಸ್ತಿ ಅನ್ನುವುದು ಹಾಗೇ ಉಳಿದಿತ್ತು. ಬೆಂಗಳೂರಿನ ಮೆಟಬಾಲಿಕ್ ಡಾಕ್ಟರು ಅದನ್ನು ನನಗೆ ಬಚ್ಚಲ ಲೆಕ್ಕದಲ್ಲಿ ಹೇಳಿಕೊಟ್ಟರು. ಮೋರಿ ಕಟ್ಟಿದರೆ ನೀರು ಹಿಂದಕ್ಕೆ ಏರುತ್ತಲ್ಲ, ಹಾಗೆ. ಪ್ರೋಟೀನು ಕೊಬ್ಬು ಕರಗಿ ಬರುವ ಒಂದು ವಸ್ತು ಮುಂದೆ ಹರಿಯದೆ ನಿಂತಿದೆ, ಅದೇ ರಕ್ತದಲ್ಲಿ ಸಿ3 ಆಗಿ ಕಾಣುತ್ತಿದೆ. ಮುಂದೆ ದಾಟಿಸುವ ಎಂಜೈಮೇ ಕೆಟ್ಟಿರಬಹುದು, ಅದು ಕಾಯಿಲೆ. ಎಂಜೈಮ್ ಸರಿ ಇದ್ದು, ಅದಕ್ಕೆ ಬೇಕಾದ ವಿಟಮಿನ್ ಬಿ12 ಇಲ್ಲದೆಯೂ ಇರಬಹುದು. ಎರಡರಲ್ಲೂ ಸಿ3 ಒಂದೇ ಥರ ಏರುತ್ತೆ, ಕಾಗದದ ಮೇಲಿನ ಚುಕ್ಕೆಗೆ ಆ ಫರಕು ಗೊತ್ತಾಗುವುದಿಲ್ಲ.

ಅದಕ್ಕೇ ಇನ್ನಷ್ಟು ಟೆಸ್ಟ್. ಮೂತ್ರದಲ್ಲಿ ಮೀಥೈಲ್‌ಮಲೋನಿಕ್ ಆಸಿಡ್ ಸ್ವಲ್ಪ ಜಾಸ್ತಿ ಬಂತು. ಪ್ರೊಪಿಯಾನಿಕ್ ಕಾಯಿಲೆಯಲ್ಲಿ ಅದು ಏರುವುದಿಲ್ಲ, ಹಾಗಾಗಿ ಒಂದು ಹೆಸರು ಹೊಡೆದು ಹಾಕಿದೆವು. ರಕ್ತದಲ್ಲಿ ಹೋಮೋಸಿಸ್ಟೀನ್ ಅನ್ನುವ ಇನ್ನೊಂದು ವಸ್ತು 27, ಅದೂ ಜಾಸ್ತಿ. ಅದನ್ನು ನೋಡಿ ಡಾಕ್ಟರ ಮುಖ ಸ್ವಲ್ಪ ಸಡಿಲ ಆಯ್ತು, ನನಗೆ ಅರ್ಥವೇ ಆಗಲಿಲ್ಲ, ಇನ್ನೊಂದು ಜಾಸ್ತಿ ಆದರೆ ಖುಷಿ ಯಾಕೆ? ಬಿ12 ದೇಹದಲ್ಲಿ ಎರಡು ಕಡೆ ಕೆಲಸ ಮಾಡುತ್ತೆ, ಒಂದು ಕಡೆ ನಿಂತರೆ ಮೀಥೈಲ್‌ಮಲೋನಿಕ್ ಏರುತ್ತೆ, ಇನ್ನೊಂದು ಕಡೆ ನಿಂತರೆ ಹೋಮೋಸಿಸ್ಟೀನ್. ಆ ಒಂದು ಎಂಜೈಮ್ ಮಾತ್ರ ಕೆಟ್ಟಿದ್ದರೆ ಹೋಮೋಸಿಸ್ಟೀನ್ ಸರಿಯಾಗೇ ಇರಬೇಕಿತ್ತು. ಇಲ್ಲಿ ಎರಡೂ ಏರಿವೆ ಅಂದಮೇಲೆ ಬಿ12 ಮೇಲೇ ಅನುಮಾನ. ಒಳಗೆ ಬಂದ ಬಿ12 ಅನ್ನು ಬಳಸಲಾಗದ ಅಪರೂಪದ ಕಾಯಿಲೆಯಲ್ಲೂ ಹೀಗೇ ಆಗುತ್ತೆ, ಆದರೆ ಅಲ್ಲಿ ರಕ್ತದ ಬಿ12 ಸಾಮಾನ್ಯವಾಗಿ ಕಡಿಮೆ ಇರುವುದಿಲ್ಲ.

"ಈಗ ತಾಯಿ ರಕ್ತ ಕೊಡಿ" ಅಂದರು.

ಮಗುವಿನ ಬಿ12 ಬಂದಿದ್ದು 108. ನನ್ನದು 121. ಇನ್ನೂರಾದರೂ ಇರಬೇಕಿತ್ತು.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಸೊಪ್ಪು ಕಾಳುಗಳಲ್ಲಿ ಬಿ12 ಇಲ್ಲ. ಹಾಲು ಮೊಸರಿನಿಂದ ಸಿಗುವುದೇ ಎಲ್ಲ. ಬಸಿರಿನಲ್ಲಿ ಹಾಲಿನ ವಾಸನೆಗೇ ವಾಂತಿ ಬರುತ್ತಿತ್ತು, ಬಿಟ್ಟಿದ್ದೆ. ಬಾಣಂತನದಲ್ಲಿ ಶೀತ ಅಂತ ಮೊಸರು ಬಂದ್, ಮೂರು ಹೊತ್ತೂ ಮೆಣಸಿನ ಸಾರು ಅನ್ನ. ಐರನ್ ಮಾತ್ರೆ, ಫೋಲಿಕ್ ಆಸಿಡ್ ಒಂದು ದಿನವೂ ತಪ್ಪಿಸಿರಲಿಲ್ಲ, ಆದರೆ ನಾನು ತಿಂದ ಆ ಮಾತ್ರೆಗಳಲ್ಲಿ ಬಿ12 ಇರಲೇ ಇಲ್ಲ. ನಾಲಿಗೆ ಉರಿ, ಸುಸ್ತು, ಎಲ್ಲ ಬಸುರಿಗೆ ಇದ್ದದ್ದೇ ಅಂದುಕೊಂಡಿದ್ದೆ. ನನ್ನಲ್ಲೇ ಇಲ್ಲದ್ದು ಎದೆಹಾಲಿಗೆ ಎಲ್ಲಿಂದ ಬರಬೇಕು?

ಇಂಜೆಕ್ಷನ್ ಶುರು ಆಯಿತು, ಮಗುವಿಗೂ ನನಗೂ. ಒಂದು ಮಾತು: ಟೆಸ್ಟಿಗೆ ರಕ್ತ, ಮೂತ್ರ ಕೊಡುವ ಮೊದಲೇ ಯಾರೋ ಹೇಳಿದರು ಅಂತ ಬಿ12 ಹನಿ ಹಾಕಬೇಡಿ, ಆಮೇಲೆ ನಂಬರುಗಳು ಕಲಸಿ ಹೋಗುತ್ತವೆ. ನಮ್ಮ ಮನೆಯಲ್ಲಿ ಆ ಬಾಟಲಿ ಆಗಲೇ ಬಂದಿತ್ತು, ಡಾಕ್ಟರೇ ತಡೆದರು. ಸೋದರ ಸಂಬಂಧದ ಮದುವೆ ಆದ್ದರಿಂದ ಅವರು ಜೀನ್ ಟೆಸ್ಟನ್ನು ಪೂರ್ತಿ ಕೈಬಿಡಲಿಲ್ಲ. ಇಂಜೆಕ್ಷನ್‌ಗೆ ನಂಬರು ಇಳಿಯದಿದ್ದರೆ, ಇಳಿದು ಮತ್ತೆ ಏರಿದರೆ, ಆಗ ಮಾಡೋಣ ಅಂದರು. ಆರು ವಾರ ಕಾದೆವು. ಸಿ3 2.8, ಹೋಮೋಸಿಸ್ಟೀನ್ 8. ಮೂರು ತಿಂಗಳಿಗೆ ಮತ್ತೆ ನೋಡಿದರೂ ಹಾಗೇ ನಿಂತಿತ್ತು.

ಈ ಆರು ವಾರ ಅತ್ತೆ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ, ಅವರ ಅಣ್ಣನ ಮಗಳೇ ಆದರೂ. ಆರು ವಾರದ ರಿಪೋರ್ಟ್ ಬಂದ ದಿನ ಸಂಜೆ ಬಂದು ಪಕ್ಕ ಕೂತರು. ವರ್ಷಗಳಿಂದ ಅವರಿಗೆ ಅಂಗಾಲು ಉರಿ, ರಾತ್ರಿ ಹರಳೆಣ್ಣೆ ತಿಕ್ಕಿ ಮಲಗುವುದು. "ನಂದೂ ಬಿ12 ಒಂದು ನೋಡಿಸೇ" ಅಂದರು. 134 ಬಂತು.