ಶಿಕ್ಷಕರ ಸಮೀಕ್ಷೆಯ ಉತ್ತರಗಳನ್ನು ಕಾರ್ಯರೂಪಕ್ಕೆ ತರುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಸಣ್ಣ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಶಿಕ್ಷಕರು ಸಮೀಕ್ಷೆಗೆ ಕೊಟ್ಟ ಉತ್ತರಗಳನ್ನು ಅವರು ಕಲಿಸುವ ವಿಷಯವಾರು ವಿಂಗಡಿಸಿದರೆ ಬರೆದವರು ಯಾರೆಂಬುದು ಕೂಡಲೇ ತಿಳಿದುಹೋಗುವುದರಿಂದ, ಐವರಿಗಿಂತ ಚಿಕ್ಕ ಗುಂಪಿನ ಅಂಕಗಳನ್ನು ಪ್ರತ್ಯೇಕವಾಗಿ ತೋರಿಸಲೇಬಾರದು. ಸರಾಸರಿಯನ್ನಷ್ಟೇ ನಂಬಬೇಡಿ: 1ರಿಂದ 5ರವರೆಗೆ ಅಂಕ ಕೊಡುವ ಪ್ರಶ್ನೆಗೆ ಎಲ್ಲರೂ 3 ಅಂಕ ಕೊಟ್ಟರೂ, ಅರ್ಧದಷ್ಟು ಮಂದಿ 1, ಉಳಿದವರು 5 ಕೊಟ್ಟರೂ ಸರಾಸರಿ 3 ಆಗಿಯೇ ಬರುತ್ತದೆ, ಎರಡನೆಯದೇ ಹೆಚ್ಚು ಗಂಭೀರ.

ಬಳಿಕ ಶಾಲೆಯ ಕೈಯಲ್ಲಿರುವ ಸಮಸ್ಯೆಗಳನ್ನು ಬೇರ್ಪಡಿಸಿ. ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಬಿಡುವಿನ ಪೀರಿಯಡಿನಲ್ಲಿ ಕುಳಿತು ಕನ್ನಡಕ್ಕೆ ತರುವ ಹೊರೆ ಒಬ್ಬರ ಮೇಲೆಯೇ ಬೀಳುತ್ತಿದ್ದರೆ, ಸಿಬ್ಬಂದಿ ಸಭೆಯಲ್ಲಿ ಸರದಿ ಗೊತ್ತುಮಾಡಿ ಆ ಅವಧಿಯನ್ನು ವೇಳಾಪಟ್ಟಿಯಲ್ಲೇ ನಮೂದಿಸಬಹುದು. ಸುತ್ತೋಲೆಯೇ ಕನ್ನಡದಲ್ಲಿ ಬೇಕೆಂಬ ಬೇಡಿಕೆಯನ್ನು ಮಾತ್ರ ಉಪಜಿಲ್ಲಾ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಕಳುಹಿಸಬೇಕು (ಬಾಯಿಮಾತಿನ ಮನವಿಗೆ ಕಡತವಿರುವುದಿಲ್ಲ). ಆಯ್ದ ಒಂದೆರಡು ಕೆಲಸಗಳಿಗೆ ಹೊಣೆಗಾರರನ್ನೂ ಗಡುವನ್ನೂ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿ, ಓಣಂ ರಜೆ ಮುಗಿದ ಮೇಲೆ ಅವೇ ಪ್ರಶ್ನೆಗಳನ್ನು ಪದ ಬದಲಿಸದೆ ಮತ್ತೊಮ್ಮೆ ಕೇಳಿ.