ಸರ್, ಮ್ಯಾಮ್ ಇಲ್ಲದೆ ಇಂಗ್ಲಿಷ್ ಕಾಲ್: ನನ್ನ ಅನುಭವ

ಸರ್, ಮ್ಯಾಮ್ ಅನ್ನದೆ ಇಂಗ್ಲಿಷ್ ಕಸ್ಟಮರ್ ಕಾಲ್ ನಡೆಸಬಹುದು ಅಂದಾಗ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. ಮರ್ಯಾದೆ ಕೆಟ್ಟ ಹಾಗೆ ಕೇಳುತ್ತೆ ಅಂತ ಎಲ್ಲರ ವಾದ. ಈಗ ನಮ್ಮ ಫೋನ್, ಚಾಟ್, ಮೇಲ್ ಮೂರೂ ಹಾಗೇ ನಡೆಯುತ್ತಿವೆ. ಕರೆಯುವ ರೀತಿಯ ಬಗ್ಗೆ ಬರುತ್ತಿದ್ದ ದೂರು ಹೆಚ್ಚುಕಡಿಮೆ ನಿಂತೇ ಹೋಗಿದೆ.

ದನಿ ಕೇಳಿ ಗಂಡೋ ಹೆಣ್ಣೋ ಅಂತ ಊಹಿಸೋದೇ ದೊಡ್ಡ ತಲೆನೋವು. ದಪ್ಪ ದನಿಯ ಹೆಂಗಸರು, ತೆಳು ದನಿಯ ಗಂಡಸರು, ಟ್ರಾನ್ಸ್ ವ್ಯಕ್ತಿಗಳು, ಸುಮ್ನೆ ನೆಗಡಿ ಆದವರು, ಯಾರ ಮೇಲೆ ಬೇಕಾದರೂ ತಪ್ಪು ಪದ ಬೀಳುತ್ತೆ. ಸರಿಯಾಗಿ ಬಿದ್ದರೂ ಕಷ್ಟ ತಪ್ಪಲ್ಲ. ಮ್ಯಾಮ್ ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮರ್ಯಾದೆ, ಬೇರೆ ಕಡೆ ಎಷ್ಟೋ ಜನರಿಗೆ ‘ನಿಮಗೆ ವಯಸ್ಸಾಯ್ತು’ ಅಂದ ಹಾಗೆ.

ಮೊದಲು ಪದಕ್ಕೆ ಪದ ಬದಲಿಸಿ ನೋಡಿದೆವು. ‘ಡಿಯರ್ ಕಸ್ಟಮರ್’ ಮೆಷಿನ್ ಮಾತಾಡಿದ ಹಾಗಿತ್ತು. ‘ಫ್ರೆಂಡ್’ ಅಂದರೆ ಏನೋ ಮಾರೋಕೆ ಬಂದವರು ಅಂತ ಅನುಮಾನ. ‘ಫೋಕ್ಸ್’ ಒಬ್ಬರಿಗೇ ಹೇಳೋಕೆ ಆಗಲ್ಲ. ಮಾತು ಮಾತಿಗೂ ಹೆಸರು ಹಿಡಿದು ಕರೆದರೆ ಜನಕ್ಕೆ ಕಿರಿಕಿರಿ ಜಾಸ್ತಿ. ಹೆಸರನ್ನು ಎರಡು ಸಲ ಹೇಳಿ, ಕೇಳಿದ ತಕ್ಷಣ ಒಮ್ಮೆ, ಕೊನೆಗೆ ಒಮ್ಮೆ. ಸಾಕು.

ದುಡ್ಡೂ ಹೋಯಿತು. ಕಾಲ್‌ಗೆ ಅಂಕ ಹಾಕುವ ಕ್ವಾಲಿಟಿ ಶೀಟಿನಲ್ಲಿ ‘ಸರ್/ಮ್ಯಾಮ್ ಬಳಸಿದ್ದಾರಾ’ ಅಂತ ಒಂದು ಸಾಲಿತ್ತು. ಅದನ್ನು ತೆಗೆಸುವ ತನಕ, ಸುಮಾರು ಎರಡು ತಿಂಗಳು, ನನ್ನ ಹುಡುಗ ಹುಡುಗಿಯರ ಇನ್ಸೆಂಟಿವ್ ಕಟ್ ಆಯಿತು. ಐವಿಆರ್ ದನಿಯನ್ನು, ಅಂದರೆ ಫೋನ್ ಮಾಡಿದವರಿಗೆ ಮೊದಲು ಕೇಳುವ ರೆಕಾರ್ಡ್ ಮಾತನ್ನು, ಎರಡು ಸಾರಿ ರೆಕಾರ್ಡ್ ಮಾಡಿಸಿದ್ದಕ್ಕೆ ಹೊಸದಾಗಿ ಸೇರಿದ ಒಬ್ಬರ ತಿಂಗಳ ಸಂಬಳದಷ್ಟು ಖರ್ಚಾಯಿತು. ಮ್ಯಾನೇಜರ್ ಹತ್ತಿರ ವಾದ ಮಾಡುವಾಗ ಕೈಹಿಡಿದಿದ್ದು ಲಂಡನ್ ಟ್ಯೂಬ್, ಅಲ್ಲಿನ ಮೆಟ್ರೋ ರೈಲು. ಅಲ್ಲಿ 2017ರಲ್ಲೇ ‘ಲೇಡೀಸ್ ಅಂಡ್ ಜೆಂಟಲ್‌ಮೆನ್’ ಬಿಟ್ಟು ‘ಗುಡ್ ಮಾರ್ನಿಂಗ್ ಎವ್ರಿವನ್’ ಅನ್ನೋಕೆ ಶುರು ಮಾಡಿದರು. 2020ರಲ್ಲಿ ಜಪಾನ್ ಏರ್‌ಲೈನ್ಸ್ ಕೂಡ ಇಂಗ್ಲಿಷ್ ಅನೌನ್ಸ್‌ಮೆಂಟಿನಿಂದ ‘ಲೇಡೀಸ್ ಅಂಡ್ ಜೆಂಟಲ್‌ಮೆನ್’ ಕೈಬಿಟ್ಟಿತು. ಯಾವ ಪ್ರಯಾಣಿಕರ ಮರ್ಯಾದೆ ಕಡಿಮೆಯಾಯಿತು ಹೇಳಿ ಅಂದೆ. ಸಾಲು ತೆಗೆದರು.

ಕೊನೆಗೆ ಕೆಲಸ ಮಾಡಿದ್ದು ಇಷ್ಟು. ಸರ್ ಅನ್ನೋದು ವಾಕ್ಯದ ಕೊನೆಯಲ್ಲಿ ಮೆತ್ತೆ ಇದ್ದ ಹಾಗೆ. ಕಿತ್ತು ಹಾಕಿದರೆ ವಾಕ್ಯ ಧಡ್ ಅಂತ ಬೀಳುತ್ತೆ. ಆ ಜಾಗದಲ್ಲಿ ಇನ್ನೊಂದು ಪದ ತುರುಕಬೇಡಿ, ಕಾರಣ ಹೇಳಿ. ‘ಕ್ಯಾನ್ ಯು ಹೋಲ್ಡ್, ಮ್ಯಾಮ್?’ ಬದಲು ‘ವುಡ್ ಯು ಮೈಂಡ್ ಹೋಲ್ಡಿಂಗ್ ವೈಲ್ ಐ ಚೆಕ್ ದಟ್?’ ‘ಥ್ಯಾಂಕ್ಯೂ, ಸರ್’ ಬದಲು ‘ಥ್ಯಾಂಕ್ಸ್ ಫಾರ್ ವೇಟಿಂಗ್’. ಕಾಲ್ ಟ್ರಾನ್ಸ್‌ಫರ್ ಮಾಡುವಾಗ ‘ಐ ಹ್ಯಾವ್ ಎ ಜೆಂಟಲ್‌ಮನ್ ಆನ್ ದ ಲೈನ್’ ಅನ್ನೋದನ್ನು ಬದಲಿಸೋಕೆ ತುಂಬಾ ಜನ ಮರೆತೇ ಬಿಡುತ್ತಾರೆ. ಅಲ್ಲಿ ‘ಎ ಕಸ್ಟಮರ್’, ಆಮೇಲೆ ‘ಹಿ’, ‘ಶಿ’ ಬದಲು ‘ದೇ’. ಸಿಟ್ಟಾಗಿ ಫೋನ್ ಮಾಡಿದವರಿಗೆ ನಾವು ಹೇಳುವ ಮೊದಲ ಎರಡು ವಾಕ್ಯ ಬೇರೆ ಇವೆ, ಅದನ್ನು ಇಲ್ಲಿ ಬರೆಯಲ್ಲ. ಅದು ನನ್ನ ತರಬೇತಿಯ ಬಂಡವಾಳ.

‘ಕಾಲ್ ಮಿ ಮಿಸೆಸ್ ಇಂಥವರು’ ಅಂತ ಅವರೇ ಹೇಳಿದರೆ ಹಾಗೇ ಕರೆಯಿರಿ, ವಾದ ಬೇಡ.

ಇದರ ಜೊತೆ ಫಾರ್ಮಿನಲ್ಲಿ ಮಿಸ್ಟರ್, ಮಿಸೆಸ್ ತುಂಬುವ ಟೈಟಲ್ ಕಾಲಮ್ಮಿಗೂ ಕೈ ಹಾಕಿದೆ. ಗಂಡೋ ಹೆಣ್ಣೋ ಹೇಳದ ಎಂಎಕ್ಸ್ (Mx) ಸೇರಿಸಿದೆವು. ‘ಮಿಕ್ಸ್’ ಅಂತ ಓದುವ ಈ ಟೈಟಲ್ 1970ರ ದಶಕದಿಂದಲೇ ಇದೆ. ಆದರೆ ನಮ್ಮ ಡೇಟಾ ಹೋಗಿ ಸೇರುವ ಇನ್ನೊಂದು ಸಾಫ್ಟ್‌ವೇರ್ ಅದನ್ನು ಒಪ್ಪದೆ ಎಂಟ್ರಿಗಳನ್ನೇ ವಾಪಸ್ ಎಸೆಯಿತು. ಬೇಸತ್ತು ಟೈಟಲ್ ಕಡ್ಡಾಯ ಅನ್ನೋದನ್ನೇ ತೆಗೆದೆ. ಈಗ ನನ್ನ ನೆನಪಿನಂತೆ ಹತ್ತರಲ್ಲಿ ಆರೇಳು ಜನ ಖಾಲಿ ಬಿಡುತ್ತಾರೆ. ಬೇಕಾಗೇ ಇರಲಿಲ್ಲ ಅಲ್ವಾ!

ಮೀಟಿಂಗಿನಲ್ಲಿ ‘ಗಯ್ಸ್’ ಬಿಡಿಸೋದು ಇನ್ನೂ ಕಷ್ಟವಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟ್ ಸ್ಫೋಟಿಸುವ 1605ರ ಸಂಚಿನ ಗಯ್ ಫಾಕ್ಸ್‌ನ ಬೊಂಬೆಗೆ ಇಟ್ಟ ಹೆಸರು ಆಮೇಲೆ ಯಾವುದೇ ಗಂಡಸಿಗೆ ಬಂದು, ಕೊನೆಗೆ ಗುಂಪಿಗೆಲ್ಲ ಹರಡಿದ ಪದ ಅದು. ಎಷ್ಟೋ ಜನರಿಗೆ ಅದರಲ್ಲಿ ತೊಂದರೆ ಕಾಣಲ್ಲ. ನನಗೆ ಕಾಣುತ್ತೆ, ಯಾಕೆಂದರೆ ‘ದಟ್ ಗಯ್’ ಅಂದರೆ ಇವತ್ತಿಗೂ ಗಂಡಸೇ. ‘ಯಾಲ್’ (ಯು ಆಲ್, ಅಮೆರಿಕದ ದಕ್ಷಿಣದ ಮಾತು) ಪ್ರಯತ್ನಿಸಿದೆವು, ಹುಟ್ಟಿನಿಂದ ಆಡದವರ ಬಾಯಲ್ಲಿ ಅದು ನಾಟಕದ ಹಾಗಿತ್ತು. ಈಗ ‘ಎವ್ರಿವನ್’ ಮತ್ತು ‘ಹಾಯ್ ಆಲ್’.

ಇಮೇಲಿನಲ್ಲಿ ‘ಡಿಯರ್ ಸರ್ ಆರ್ ಮೇಡಮ್’ ಜಾಗಕ್ಕೆ ವಿಭಾಗದ ಹೆಸರು ಹಾಕುತ್ತೇವೆ, ‘ಡಿಯರ್ ಬಿಲ್ಲಿಂಗ್ ಟೀಮ್’ ಅಂತ. ವಿಭಾಗವೂ ಗೊತ್ತಿಲ್ಲದಿದ್ದರೆ ಬರೀ ‘ಹಲೋ’.