ಚೀಲದಲ್ಲಿ ಇದ್ದದ್ದು ಗ್ಯಾಸೋ, ಬರೀ ಗಾಳಿಯೋ?

ನಾನು ಫಿಸಿಯೋಥೆರಪಿಸ್ಟ್. ಶುಗರ್ ಇರುವವರ ಪಾದ ಪರೀಕ್ಷೆ ಮಾಡುವುದು ನನ್ನ ದಿನನಿತ್ಯದ ಕೆಲಸ. ಅಂಗಾಲು ಉರಿ, ಜೋಮು, ರಾತ್ರಿ ಹೊದಿಕೆ ತಾಗಿದರೂ ನೋವು, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು, ಇವನ್ನೆಲ್ಲ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ನೋವು ತಗ್ಗಿಸಲು ಮಾತ್ರೆ ಇದೆ. ಹಾಳಾದ ನರವನ್ನು ಮೊದಲಿನ ಹಾಗೆ ಮಾಡುವ ಮಾತ್ರೆ ಇಲ್ಲ. ಅದಕ್ಕೇ, ಚರ್ಮದ ಮೂಲಕ ಕಾರ್ಬನ್ ಡೈಆಕ್ಸೈಡ್ ಕೊಟ್ಟು ನೋಡುವ ಒಂದು ಸಣ್ಣ ಪ್ರಯೋಗದಲ್ಲಿ ಅಳತೆ ತೆಗೆಯುವ ಕೆಲಸ ಮಾಡ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡೆ.

ಈ ಯೋಚನೆ ಹಳೆಯದು. ಫ್ರಾನ್ಸಿನ ರೊಯಾ ಎಂಬ ಊರಿನಲ್ಲಿ ನೆಲದಿಂದ ಬರುವ ಈ ಗ್ಯಾಸನ್ನು 1930ರ ದಶಕದಲ್ಲೇ ಕಾಲಿನ ರಕ್ತಸಂಚಾರಕ್ಕೆ ಬಳಸುತ್ತಿದ್ದರು. ನರಗಳಿಗೂ ತಮ್ಮದೇ ಕೂದಲೆಳೆಯಂಥ ರಕ್ತನಾಳಗಳಿವೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅವು ಕೆಡುತ್ತವೆ, ನರಕ್ಕೆ ಆಮ್ಲಜನಕ ಸಾಲುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಚರ್ಮದೊಳಗೆ ಇಳಿದರೆ ನಾಳಗಳು ಹಿಗ್ಗುತ್ತವೆ. ಅಷ್ಟೇ ಅಲ್ಲ, ಈ ಗ್ಯಾಸ್ ಹೆಚ್ಚಾದ ಕಡೆ ರಕ್ತದ ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಇದನ್ನು 1904ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಕ್ರಿಶ್ಚಿಯನ್ ಬೋರ್ ತೋರಿಸಿದರು. ಆದರೆ ರಕ್ತ ಹರಿದು ಬಂದರೆ ನರ ಎಚ್ಚರವಾಗುತ್ತದೆ ಅಂತಲ್ಲ ಅಲ್ವಾ? ನಾವು ನೋಡಬೇಕಿದ್ದದ್ದು ಅದನ್ನೇ.

ಚಿಕಿತ್ಸೆ ನೋಡಲು ಸರಳ. ಮೊಣಕಾಲಿನ ಕೆಳಗೆ ಚರ್ಮ ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲ ಹಾಕಿ, ಒಳಗಿನ ಗಾಳಿ ಎಳೆದು, ಗ್ಯಾಸ್ ತುಂಬಿ ಅರ್ಧ ಗಂಟೆ ಬಿಡುವುದು. ಅರ್ಧ ಜನರ ಚೀಲಕ್ಕೆ ಗ್ಯಾಸ್, ಉಳಿದವರಿಗೆ ಬರೀ ಗಾಳಿ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು. ಈ ಗ್ಯಾಸ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಹಾಗಾಗಿ ಕಿಟಕಿಗಳು ಸದಾ ತೆರೆದಿರುತ್ತಿದ್ದವು, ಅಳೆಯುವ ಮೀಟರನ್ನು ಕೆಳಗೇ ಇಟ್ಟಿದ್ದೆವು. ಹೃದಯ, ಶ್ವಾಸಕೋಶ ತೀರಾ ದುರ್ಬಲವಾಗಿದ್ದವರನ್ನು ಸೇರಿಸಿಕೊಳ್ಳಲಿಲ್ಲ. ಎಲ್ಲರಿಗೂ ಮೊದಲು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದೆವು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ತುಂಬಾ ವರ್ಷ ತಿಂದವರಲ್ಲಿ ಬಿ12 ಕಡಿಮೆಯಾಗಿಯೂ ಕಾಲು ಜೋಮು ಹಿಡಿಯುತ್ತದೆ. ಅದನ್ನು ನೋಡದೆ ಬಿಟ್ಟರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ.

ತೊಂದರೆ ಶುರುವಾಗಿದ್ದು ಮೊದಲನೇ ವಾರ. ನಾನು ಹತ್ತು ನಿಮಿಷ ಮುಂಚೆ ಕೋಣೆಗೆ ಹೋದೆ. ಒಬ್ಬರ ಕಾಲಿನಿಂದ ಆಗಷ್ಟೇ ಚೀಲ ಬಿಚ್ಚಿದ್ದರು. ಚೀಲ ಕಟ್ಟಿದ್ದ ಜಾಗದಲ್ಲಿ ಗೆರೆ ಎಳೆದ ಹಾಗೆ, ಕೆಳಗೆಲ್ಲ ಚರ್ಮ ಕೆಂಪು, ಮೇಲೆ ಮಾಮೂಲಿ ಬಣ್ಣ. ನೋಡಿದ ಕೂಡಲೇ ತಿಳಿದುಬಿಟ್ಟಿತು, ಇದು ಗ್ಯಾಸ್. ಇನ್ನು ನಾನು ಅಳೆದರೆ ನನ್ನ ಕೈ, ನನ್ನ ಕಿವಿ ಎರಡೂ ಆ ಕಡೆಗೇ ವಾಲುತ್ತವೆ. ಅವತ್ತು ಆ ಕಾಲನ್ನು ನಾನು ಮುಟ್ಟಲಿಲ್ಲ, ಅವರ ಅಳತೆ ಪೂರ್ತಿ ಇನ್ನೊಬ್ಬರಿಗೆ ಕೊಟ್ಟೆ. ಮಾರನೆಯ ದಿನದಿಂದ ನಿಯಮ ಬದಲಾಯಿತು. ಚಿಕಿತ್ಸೆಯ ದಿನ ಅಳತೆಯೇ ಇಲ್ಲ, ಬೇರೆ ದಿನ, ಬೇರೆ ಕೋಣೆ. ಗ್ಯಾಸ್ ತಗೊಂಡವರಿಗೆ ಕಾಲು ಬೆಚ್ಚಗಾಗುತ್ತದೆ, ಅದರಿಂದಲೇ ಅವರು ಊಹಿಸಿಬಿಡಬಹುದು. ಅದಕ್ಕೆ ಗಾಳಿಯ ಚೀಲವನ್ನೂ ಸ್ವಲ್ಪ ಬೆಚ್ಚಗೆ ಮಾಡಿದೆವು. ಜೊತೆಗೆ ಕೊನೆಯಲ್ಲಿ ಪ್ರತಿಯೊಬ್ಬರನ್ನೂ "ನಿಮಗೆ ಯಾವುದು ಕೊಟ್ಟಿರಬಹುದು ಅನ್ಸುತ್ತೆ?" ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೇವೆ. ಇಂಥ ಪ್ರಯೋಗದಲ್ಲಿ ಈ ಪ್ರಶ್ನೆಯನ್ನು ಬಿಡಲೇಬಾರದು. ನೋವು ನಂಬಿಕೆಯಿಂದಲೂ ಇಳಿಯುತ್ತದೆ.

ಅಳತೆಗೆ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ, 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್, ಕಂಪನ ಅಳೆಯುವ ಬಯೋಥಿಸಿಯೋಮೀಟರ್. ಬಯೋಥಿಸಿಯೋಮೀಟರಿನಲ್ಲಿ 25 ವೋಲ್ಟ್ ದಾಟಿದರೂ ಕಂಪನ ತಿಳಿಯದಿದ್ದರೆ ಅಂಥ ಪಾದಕ್ಕೆ ಹುಣ್ಣಾಗುವ ಭಯ ಜಾಸ್ತಿ. ನನಗೆ ಹೆಚ್ಚು ಕಲಿಸಿದ್ದು ಮಾತ್ರ ಆ ಎಳೆ. ಒಬ್ಬ ಅಜ್ಜಿ ಕಣ್ಣು ಮುಚ್ಚಿಕೊಂಡು, ನಾನು ಮುಟ್ಟಿದಾಗಲೆಲ್ಲ "ಹೂಂ" ಅನ್ನುತ್ತಿದ್ದರು. ಸುಮ್ನೆ ಒಮ್ಮೆ ಮುಟ್ಟದೆಯೇ "ಈಗ?" ಎಂದೆ. "ಹೂಂ, ಗೊತ್ತಾಯ್ತು ಕಣಪ್ಪಾ" ಅಂದರು. ಅವರು ಸುಳ್ಳು ಹೇಳಿದ್ದಲ್ಲ. ನನಗೆ ಬೇಜಾರಾಗಬಾರದು ಅನ್ನುವ ಪ್ರೀತಿ ಅದು. ಅಂದಿನಿಂದ "ಈಗ?" ಎಂದು ಕೇಳುವುದನ್ನೇ ಬಿಟ್ಟೆ. ಎಳೆ ತಾಗಿದ್ದು ತಿಳಿದಾಗ ಅವರೇ ಹೇಳಬೇಕು, ಯಾವ ಕಾಲು ಅಂತಲೂ ಹೇಳಬೇಕು. ನಡುವೆ ಮುಟ್ಟದೆ ಒಂದಷ್ಟು ಹೊತ್ತು ಕಾಯುತ್ತೇನೆ.

ಹೀಗೆ ಅಳೆದಾಗ ಆ ಅಜ್ಜಿಯ ಎಡ ಹೆಬ್ಬೆರಳಿನಲ್ಲಿ ಸ್ಪರ್ಶ ಇರಲೇ ಇಲ್ಲ. ಅದನ್ನು ಅವರಿಗೆ ಹೇಳಿದೆ. ಬರಿಗಾಲಲ್ಲಿ ಓಡಾಡಬೇಡಿ, ದಿನಾ ಅಂಗಾಲು ನೋಡಿಕೊಳ್ಳಿ, ಬಿಸಿನೀರನ್ನು ಕಾಲಿನಿಂದಲ್ಲ, ಮೊಣಕೈಯಿಂದ ಮುಟ್ಟಿ ನೋಡಿ ಎಂದೂ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಚೀಲದಲ್ಲಿ ಇರೋದು ಗಾಳೀನಾ, ಔಷಧೀನಾ?"

"ನನಗೂ ಗೊತ್ತಿಲ್ಲ ಅಜ್ಜಿ" ಎಂದೆ.

ಯಾರಿಗೆ ಗ್ಯಾಸ್, ಯಾರಿಗೆ ಗಾಳಿ ಎಂದು ಬರೆದಿಟ್ಟ ಲಕೋಟೆಗಳು ಇನ್ನೂ ಬೀರುವಿನಲ್ಲೇ ಇವೆ. ಕೊನೆಯ ಕೆಲವರ ಅಳತೆ ಮುಗಿಯುವ ತನಕ ಅವನ್ನು ಒಡೆಯುವುದಿಲ್ಲ. ಮುಂದಿನ ವಾರ ಅಜ್ಜಿಯ ಸರದಿ.